ತಲೆದಿಂಬಿನ ಪಕ್ಕದ ಚೊಂಬು

ಹೋದ ತಿಂಗಳು ಊರಿಗೆ ಹೋಗಿದ್ದೆ. ಹೊಸದುರ್ಗಕ್ಕೂ ಹೊಳಲ್ಕೆರೆಗೂ ನಡುವೆ ಇರುವ ಒಂದು ಹಳ್ಳಿ ನಮ್ಮದು. ರಾತ್ರಿ ಎರಡು ಗಂಟೆ ಇರಬಹುದು, ಪಕ್ಕದ ಕೋಣೆಯಲ್ಲಿ ಚೊಂಬು ನೆಲಕ್ಕೆ ತಾಗಿದ ಟಣ್ ಸದ್ದು. ಎದ್ದು ಹೋಗಿ ನೋಡಿದರೆ ಅಪ್ಪ ಹಾಸಿಗೆ ಮೇಲೆ ಕೂತು ನೀರು ಕುಡಿಯುತ್ತಿದ್ದಾರೆ.

"ಯಾಕಪ್ಪ, ನಿದ್ದೆ ಬರ್ಲಿಲ್ವಾ?"

"ನಿದ್ದೆ ಬರ್ತತೆ ಕಣೋ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟ್ಕಂತತೆ. ನಮ್ ಸೀಮೆ ಗಾಳಿಗೆ ಎಲ್ಲಾರ್ಗೂ ಹಿಂಗೇಯ. ನೀ ಹೋಗಿ ಮಲಕ್ಕ."

ಹೋಗಿ ಮಲಗಿದೆ. ಆದರೆ ನಿದ್ದೆ ಬರಲಿಲ್ಲ. ಇದೇ ಮಾತನ್ನು, ಇದೇ ಮನೆಯಲ್ಲಿ, ಇದೇ ಹಿತ್ತಾಳೆ ಚೊಂಬು ಹಿಡಿದುಕೊಂಡು ಅಜ್ಜ ಹೇಳಿದ್ದನ್ನು ನಾನು ಚಿಕ್ಕವನಿದ್ದಾಗ ಕೇಳಿದ್ದೆ. ಅದರ ಕೊನೆ ಚೆನ್ನಾಗಿರಲಿಲ್ಲ.

ಅಜ್ಜ ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುತ್ತಿದ್ದರು. ತಲೆದಿಂಬಿನ ಪಕ್ಕ ಒಂದು ಚೊಂಬು ನೀರು, ಅದರ ಮೇಲೊಂದು ಲೋಟ ಮುಚ್ಚಿರಬೇಕು. ಕ್ರಮೇಣ ಒಂದು ಚೊಂಬು ಎರಡಾಯಿತು, ಎರಡು ಸಾಲದೆ ಸಣ್ಣ ಬಿಂದಿಗೆಯೇ ಬಂತು. ರಾತ್ರಿ ನಾಲ್ಕು ಸಲ ಎದ್ದು ಹೊರಗೆ ಹೋಗಿ ಬರುತ್ತಿದ್ದರು. ಕೇಳಿದರೆ "ಇಷ್ಟು ನೀರು ಕುಡುದ್ರೆ ಹೋಗ್ದೆ ಇರ್ತತಾ?" ಅನ್ನುವರು. ಬೇಸಿಗೆ ಹೋಗಿ ಮಳೆಗಾಲ ಬಂದರೂ ಬಿಂದಿಗೆ ಮಾತ್ರ ಹೋಗಲಿಲ್ಲ. ಆಗಲೂ ಮನೆಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಬಯಲುಸೀಮೆ, ಒಣ ಗಾಳಿ, ವಯಸ್ಸಾಗಿದೆ. ಇಷ್ಟರಲ್ಲೇ ಎಲ್ಲವೂ ಮುಗಿಯಿತು. 2009ರಲ್ಲಿ ಕಾಲಿಗೆ ಚುಚ್ಚಿದ ಜಾಲಿ ಮುಳ್ಳಿನ ಗಾಯ ಒಂದೂವರೆ ತಿಂಗಳಾದರೂ ಮಾಯಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಸಕ್ಕರೆ 400 ದಾಟಿತ್ತು. ಎರಡು ಬೆರಳು ತೆಗೆದರು.

ಇಷ್ಟು ಜನ ಇರುವ ಮನೆಯಲ್ಲಿ ಅಷ್ಟು ದಿನ ಯಾರೂ ಯಾಕೆ ಪ್ರಶ್ನೆ ಕೇಳಲಿಲ್ಲ ಅಂತ ಆವತ್ತು ರಾತ್ರಿ ಯೋಚಿಸುತ್ತಾ ಮಲಗಿದ್ದೆ. ವಾಪಸ್ ಬಂದ ಮೇಲೆ ಓದುತ್ತಾ ಹೋದೆ. ಓದಿದ್ದನ್ನು ನಿಮ್ಮ ಜತೆ ಹಂಚಿಕೊಳ್ಳೋಣ ಅಂತ ಈ ಬರಹ. ಸ್ವಲ್ಪ ಉದ್ದವಾಗಿದೆ, ಪಕ್ಕದಲ್ಲಿ ಒಂದು ಲೋಟ ನೀರು ಇಟ್ಟುಕೊಂಡು ಓದಿ :)

ಮೊದಲು ನಮ್ಮ ಮನೆಯವರ ಪರವಾಗಿ ಒಂದು ಮಾತು. ನಮ್ಮ ಸೀಮೆಯಲ್ಲಿ ಬಾಯಿ ಒಣಗಿದರೆ ನೀರಿನ ನೆನಪಾಗುವುದು ಸಹಜ. ಇಲ್ಲಿಯ ಚರಿತ್ರೆಯನ್ನು ನೀರು ಬಿಟ್ಟು ಹೇಳಲು ಆಗುವುದೇ ಇಲ್ಲ. ಒನಕೆ ಓಬವ್ವನ ಕತೆ ಎಲ್ಲರಿಗೂ ಗೊತ್ತು. ಆದರೆ ಆ ಕತೆ ಶುರುವಾಗುವುದು ಒನಕೆಯಿಂದ ಅಲ್ಲ ಅನ್ನುವುದನ್ನು ಗಮನಿಸಿದ್ದೀರಾ? ಕಾವಲುಗಾರ ಗಂಡ ಊಟಕ್ಕೆ ಬಂದಿದ್ದಾನೆ, ಮನೆಯಲ್ಲಿ ಕುಡಿಯುವ ನೀರಿಲ್ಲ. ನೀರು ತರಲು ತಣ್ಣೀರು ದೋಣಿಯ ಕಡೆ ಹೋದವಳಿಗೆ ಕಿಂಡಿಯಲ್ಲಿ ಹೈದರಾಲಿಯ ಸೈನಿಕರ ಸದ್ದು ಕೇಳಿಸುತ್ತದೆ. ಅಂದರೆ ದುರ್ಗದ ಅತಿ ದೊಡ್ಡ ಸಾಹಸದ ಕತೆ ಹುಟ್ಟಿದ್ದು ಒಬ್ಬ ಮನುಷ್ಯನ ಒಣಗಿದ ಗಂಟಲಿನಿಂದ!

ದುರ್ಗದ ನಾಯಕರು ಏಳು ಸುತ್ತಿನ ಕೋಟೆ ಕಟ್ಟಿದ ಹಾಗೆಯೇ ನೀರನ್ನೂ ಕಟ್ಟಿದ್ದರು. ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ, ಅದು ತುಂಬಿದರೆ ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡಕ್ಕೆ. 1779ರಲ್ಲಿ ಕೋಟೆ ಹೈದರಾಲಿಯ ವಶವಾಯಿತು. ನಾಯಕರು ಹೋದರು, ಹೊಂಡಗಳು ಉಳಿದವು.

ಹಿರಿಯೂರಿನದ್ದು ಇನ್ನೊಂದು ಕತೆ. ವೇದಾವತಿ ನದಿ ಎರಡು ಗುಡ್ಡಗಳ ನಡುವೆ ಹಾದುಹೋಗುವ ಮಾರಿಕಣಿವೆಯಲ್ಲಿ ಮೈಸೂರು ಸಂಸ್ಥಾನ 1898ರಲ್ಲಿ ಅಣೆಕಟ್ಟೆ ಶುರುಮಾಡಿ 1907ರಲ್ಲಿ ಮುಗಿಸಿತು. ಆಗ ರೀಜೆಂಟ್ ಆಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದ ಹೆಸರೇ ಅದಕ್ಕೆ ಬಂತು. 130 ಅಡಿ, 30 ಟಿಎಂಸಿ. ಆ ಕಾಲಕ್ಕೆ ಬಹಳ ದೊಡ್ಡ ಕೆಲಸ. ಆದರೆ ಬಯಲುಸೀಮೆಯ ಹಣೆಬರಹ ನೋಡಿ. 1933ರಲ್ಲಿ ಒಮ್ಮೆ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ನಡುವೆ 89 ವರ್ಷ! ಕೋಡಿ ಬಿದ್ದದ್ದನ್ನು ಒಮ್ಮೆಯೂ ನೋಡದೆ ಎಷ್ಟು ತಲೆಮಾರು ಹೋದವೋ. ನಮ್ಮ ಅಜ್ಜನೂ ಅವರಲ್ಲೊಬ್ಬರು.

ಇಂಥ ಕಡೆ ಹುಟ್ಟಿದವರಿಗೆ ರಾತ್ರಿ ಬಾಯಿ ಒಣಗಿದರೆ ಅದು ಕಾಯಿಲೆಯ ಗುರುತು ಅಂತ ಹೊಳೆಯುವುದಾದರೂ ಹೇಗೆ? ಊರೇ ಒಣಗಿರುವಾಗ ಬಾಯಿ ಒಣಗಿದರೆ ಏನು ವಿಶೇಷ! ನಮ್ಮ ಕೆಲಸದಲ್ಲಿ ತಂತ್ರಾಂಶದ ಒಂದು ದೋಷವನ್ನು "ಇದು ಮೊದಲಿಂದಲೂ ಹೀಗೇ" ಅಂತ ಬರೆದು ಮುಚ್ಚಿಬಿಡುತ್ತೇವಲ್ಲ, ಹಾಗೆ. ಆಮೇಲೆ ಅದರ ಹಿಂದೆ ಬೇರೆಯದೇ ದೋಷ ಬಂದು ಕೂತರೂ ಯಾರೂ ತೆರೆದು ನೋಡುವುದಿಲ್ಲ.

ನಮ್ಮ ಭಾಷೆಯೂ ಇದಕ್ಕೆ ಸ್ವಲ್ಪ ಸೇರಿಕೊಂಡಿದೆ ಅನ್ಸುತ್ತೆ. ಬಾಯಾರಿಕೆ ಅಂದರೆ ಏನು? ಬಾಯಿ ಆರುವುದು. ಬಟ್ಟೆ ಆರುತ್ತದಲ್ಲ, ಹಾಗೆ. ನೀರು ಬೇಕು ಅನ್ನುವುದನ್ನು ನಾವು ಬಾಯಿ ಒಣಗಿದೆ ಅಂತಲೇ ಹೇಳುತ್ತೇವೆ. ಇನ್ನೊಂದು ಪದವೂ ಇದೆ, ನೀರಡಿಕೆ. ಅದರಲ್ಲಿ ಬಾಯಿ ಇಲ್ಲ, ನೀರಿದೆ. ನಮ್ಮ ಜಿಲ್ಲೆ ಆ ಕಡೆ ಈ ಕಡೆ ಎರಡಕ್ಕೂ ಸೇರಿದ್ದು, ಎರಡು ಪದವೂ ನಡೆಯುತ್ತವೆ. ಎರಡಕ್ಕೂ ಒಂದೇ ಅರ್ಥ ಅಂದುಕೊಂಡಿದ್ದೆ. ಈಗ ಹಾಗನ್ನಿಸುತ್ತಿಲ್ಲ.

ವಿಜ್ಞಾನವೂ ಬಹಳ ಕಾಲ ಇದೇ ಗೊಂದಲದಲ್ಲಿತ್ತು ಅಂತ ಓದಿದಾಗ ಸ್ವಲ್ಪ ಸಮಾಧಾನವಾಯಿತು. ಅಮೆರಿಕದ ದೊಡ್ಡ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1918ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಒಂದು ಉಪನ್ಯಾಸದಲ್ಲಿ ಹೇಳಿದ್ದು ಹೆಚ್ಚುಕಮ್ಮಿ ನಮ್ಮ 'ಬಾಯಾರಿಕೆ' ಪದದ ಅರ್ಥವನ್ನೇ. ದೇಹದಲ್ಲಿ ನೀರು ಕಡಿಮೆಯಾದರೆ ಜೊಲ್ಲು ಕಡಿಮೆಯಾಗುತ್ತದೆ, ಬಾಯಿ ಒಣಗುತ್ತದೆ, ಆ ಒಣಗಿದ ಭಾವನೆಯೇ ಬಾಯಾರಿಕೆ ಎಂದು. ಜೊಲ್ಲು ನಿಲ್ಲಿಸುವ ಅಟ್ರೋಪಿನ್ ಕೊಟ್ಟರೆ ದೇಹದಲ್ಲಿ ನೀರು ಬೇಕಾದಷ್ಟಿದ್ದರೂ ಬಾಯಾರಿದಂತೆಯೇ ಆಗುತ್ತದೆ ಅನ್ನುವುದು ಅವನ ಒಂದು ಸಾಕ್ಷಿ.

ಆದರೆ ಅದಕ್ಕೂ ಮೊದಲು, 19ನೇ ಶತಮಾನದ ಮಧ್ಯದಲ್ಲೇ, ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಒಂದು ಕುದುರೆಯ ಮೇಲೆ ಪ್ರಯೋಗ ಮಾಡಿದ್ದ. ಕುಡಿದ ನೀರು ಹೊಟ್ಟೆಗೆ ಇಳಿಯದೆ ಕುತ್ತಿಗೆಯ ರಂಧ್ರದಿಂದ ಹೊರಗೆ ಹೋಗುವ ಹಾಗೆ ಮಾಡಿದ. ಬಾಯಿ ಒದ್ದೆಯಾಗುತ್ತಲೇ ಇದ್ದರೂ ಕುದುರೆ ಸುಸ್ತಾಗುವವರೆಗೂ ಕುಡಿಯುತ್ತಲೇ ಇತ್ತು. ಬಾಯಿ ಒದ್ದೆಯಾದ ಮಾತ್ರಕ್ಕೆ ನೀರಿನ ಬೇಡಿಕೆ ಮುಗಿಯಲಿಲ್ಲ. 1950ರ ದಶಕದಲ್ಲಿ ಸ್ವೀಡನ್ನಿನ ಬೆಂಗ್ಟ್ ಆಂಡರ್ಸನ್ ಆಡುಗಳ ಮಿದುಳಿನ ಹೈಪೊಥಲಾಮಸ್ ಎಂಬ ಭಾಗಕ್ಕೆ ಒಂದಿಷ್ಟೇ ಉಪ್ಪುನೀರು ಚುಚ್ಚಿದ. ಆಡುಗಳು ತಕ್ಷಣ ನೀರಿಗೆ ಬಾಯಿ ಹಾಕಿ ಲೀಟರುಗಟ್ಟಲೆ ಕುಡಿದವು. ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ರಕ್ತ ಎಷ್ಟು ಗಟ್ಟಿಯಾಗಿದೆ ಎಂದು ಅಳೆದು ನೀರು ಕೇಳುವುದು ಮಿದುಳು. ಅದು ನೀರಡಿಕೆ. ಜೊಲ್ಲು ನಿಂತು ಬಾಯಿ ಒಣಗುವುದು ಇನ್ನೊಂದು. ಅದು ಬಾಯಾರಿಕೆ. ಎರಡೂ ಒಟ್ಟಿಗೆ ಬರಬಹುದು, ಬೇರೆ ಬೇರೆಯಾಗಿಯೂ ಬರಬಹುದು. ಎರಡಕ್ಕೂ ನಾವು ಕೈ ಹಾಕುವುದು ಮಾತ್ರ ಒಂದೇ ಚೊಂಬಿಗೆ.

ಸರಿ, ರಾತ್ರಿಯೇ ಯಾಕೆ ಬಾಯಿ ಹೆಚ್ಚು ಒಣಗುತ್ತದೆ? ನಮ್ಮ ಬಾಯಲ್ಲಿ ದಿನಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಬರುತ್ತದೆ. ಅದರಲ್ಲಿ ರಾತ್ರಿಯ ಪಾಲು ತೀರಾ ಕಡಿಮೆ. ಜೊಲ್ಲಿನ ಹರಿವು ದಿನದ ಗಂಟೆಗಳ ಜತೆ ಏರಿಳಿಯುತ್ತದೆ ಎಂದು ಕಾಲಿನ್ ಡಾಸ್ ಎಂಬ ವಿಜ್ಞಾನಿ 1972ರಲ್ಲಿ ಅಳೆದು ತೋರಿಸಿದ. ಗಾಢ ನಿದ್ದೆಯಲ್ಲಿ ಅದು ಹತ್ತಿರ ಹತ್ತಿರ ನಿಂತೇ ಹೋಗುತ್ತದೆ. ಹಾಗಾಗಿ ಬಾಯಿ ಮುಚ್ಚಿ ಮಲಗಿದವರಿಗೂ ಬೆಳಗ್ಗೆ ಸ್ವಲ್ಪ ಅಂಟಂಟು. ಇದು ರೋಗವಲ್ಲ. ಮೂಗು ಕಟ್ಟಿ ಬಾಯಿ ತೆರೆದು ಮಲಗಿದರೆ ಇರುವ ಅಷ್ಟು ಒದ್ದೆಯನ್ನೂ ಗಾಳಿ ಹೊತ್ತುಕೊಂಡು ಹೋಗುತ್ತದೆ. ನಮ್ಮ ಕಡೆ ಗಾಳಿ ಹೇಗಿರುತ್ತದೆ ಅಂತ ಹೇಳಬೇಕಿಲ್ಲ, ದುರ್ಗದ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ಹೈವೇಯಲ್ಲಿ ಹೋಗುವಾಗ ನೀವೂ ನೋಡಿರುತ್ತೀರಿ. ಬೆಂಗಳೂರಿನ ಎಸಿ ಕೋಣೆಯೂ ಅದೇ ಕೆಲಸ ಮಾಡುತ್ತದೆ, ಕರೆಂಟ್ ಬಿಲ್ ಒಂದು ಜಾಸ್ತಿ ಅಷ್ಟೆ.

ಈ ಬಾಯಿ ತೆರೆದು ಮಲಗುವ ವಿಷಯಕ್ಕೂ ಒಂದು ತಮಾಷೆಯ ಚರಿತ್ರೆಯಿದೆ. ಜಾರ್ಜ್ ಕ್ಯಾಟ್ಲಿನ್ ಅಂತ ಒಬ್ಬ ಅಮೆರಿಕದ ಚಿತ್ರಕಾರ. ಅಲ್ಲಿನ ಮೂಲನಿವಾಸಿಗಳ ಚಿತ್ರ ಬರೆಯುತ್ತಾ ಊರೂರು ಅಲೆದವನು. ಅಲ್ಲಿಯ ತಾಯಂದಿರು ಮಲಗಿದ ಕೂಸುಗಳ ತುಟಿಗಳನ್ನು ಮೆಲ್ಲಗೆ ಒತ್ತಿ ಮುಚ್ಚುತ್ತಿದ್ದದ್ದನ್ನು ನೋಡಿ, ನಾಗರಿಕರ ಅರ್ಧ ಕಾಯಿಲೆಗೆ ಬಾಯಿ ತೆರೆದು ಮಲಗುವುದೇ ಕಾರಣ ಅಂತ 1862ರಲ್ಲಿ ಒಂದು ಪುಸ್ತಕವನ್ನೇ ಬರೆದ. ಅವನು ಹೇಳಿದ್ದರಲ್ಲಿ ಉತ್ಪ್ರೇಕ್ಷೆಯೇ ಜಾಸ್ತಿ. ಆದರೆ 1868ರಲ್ಲಿ ಕೋಪನ್‌ಹೇಗನ್ನಿನ ವೈದ್ಯ ವಿಲ್ಹೆಲ್ಮ್ ಮೇಯರ್, ಮೂಗಿನ ಹಿಂಭಾಗದಲ್ಲಿ ಅಡಿನಾಯ್ಡ್ ಗಡ್ಡೆ ಬೆಳೆದ ಮಕ್ಕಳು ಬಾಯಲ್ಲೇ ಉಸಿರಾಡುತ್ತಾರೆ ಎಂದು ತೋರಿಸಿದ. ಬಾಯಿ ಮುಚ್ಚಿಸುವ ಮೊದಲು ಮೂಗು ಯಾಕೆ ಕಟ್ಟಿದೆ ನೋಡಿ ಅನ್ನುವ ಪಾಠ ಅದು.

ದೊಡ್ಡವರಲ್ಲಿ ಗೊರಕೆಯ ನಡುವೆ ಉಸಿರು ಕಟ್ಟಿ ಕಟ್ಟಿ ಬರುವ ತೊಂದರೆಯನ್ನು ವೈದ್ಯರು ಸರಿಯಾಗಿ ಗುರುತಿಸಿದ್ದು 1965ರಲ್ಲಿ, ಫ್ರಾನ್ಸ್ ಮತ್ತು ಜರ್ಮನಿಯಲ್ಲಿ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಮೂಗಿನ ಮೂಲಕ ಒತ್ತಡದ ಗಾಳಿ ಕೊಡುವ ಯಂತ್ರದ ಬಗ್ಗೆ ಪ್ರಕಟಿಸಿದ. ಈಗ ಸಿ-ಪ್ಯಾಪ್ ಅಂತ ಎಲ್ಲಾ ಊರಲ್ಲೂ ಸಿಗುತ್ತದೆ. ಅದರ ಮುಖವಾಡದಿಂದ ಗಾಳಿ ಸೋರಿದರೆ ಅಥವಾ ತೇವಾಂಶ ಕೊಡುವ ಭಾಗ ಹಾಕದಿದ್ದರೆ ಅದರಿಂದಲೇ ಬಾಯಿ ಒಣಗುವುದೂ ಉಂಟು. ಈಚೆಗೆ ತುಟಿಗೆ ಟೇಪ್ ಅಂಟಿಸಿಕೊಂಡು ಮಲಗುವ ಹುಚ್ಚು ಶುರುವಾಗಿದೆ, ಕ್ಯಾಟ್ಲಿನ್ ಇದ್ದಿದ್ದರೆ ಖುಷಿಪಡುತ್ತಿದ್ದ. ಮೂಗು ಕಟ್ಟಿದವರು, ಗೊರಕೆಯಲ್ಲಿ ಉಸಿರು ಕಟ್ಟುವವರು ದಯವಿಟ್ಟು ಆ ಸಾಹಸಕ್ಕೆ ಹೋಗಬೇಡಿ.

ಗಾಳಿ, ಮೂಗು ಆಯಿತು. ಮೂರನೆಯ ಕಾರಣ ನಾವು ಬಾಯಿಗೆ ಹಾಕುವ ಮಾತ್ರೆಗಳು. ಇದರ ಚರಿತ್ರೆ ನಮ್ಮ ಹೊಲದ ಬದುವಿನಲ್ಲೇ ಬೆಳೆದು ನಿಂತಿದೆ. ಉಮ್ಮತ್ತಿ ಗಿಡ ಗೊತ್ತಲ್ಲ, ಮುಳ್ಳುಕಾಯಿಯದು. ಅದನ್ನು ತಿಂದವರಿಗೆ ಮೊದಲು ಬಾಯಿ ಒಣಗುತ್ತದೆ, ಕಣ್ಣು ಮಂಜಾಗುತ್ತದೆ, ಆಮೇಲೆ ತಲೆ ಕೆಡುತ್ತದೆ. ಕ್ಯಾನನ್ ಬಳಸಿದ ಅಟ್ರೋಪಿನ್ ಮತ್ತು ಅದರ ದಾಯಾದಿಗಳು ಅದರಲ್ಲಿವೆ. ಜೊಲ್ಲು ಸುರಿಸು ಎಂದು ನರಗಳು ಕಳಿಸುವ ಸಂದೇಶವನ್ನು ಅವು ಗ್ರಂಥಿಯ ಬಾಗಿಲಲ್ಲೇ ತಡೆಯುತ್ತವೆ. 1940ರ ದಶಕದಲ್ಲಿ ಬಂದ ನೆಗಡಿ, ಅಲರ್ಜಿಯ ಹಳೇ ಮಾತ್ರೆಗಳು, 1950ರ ದಶಕದ ಕೊನೆಯಲ್ಲಿ ಬಂದ ಖಿನ್ನತೆಯ ಮೊದಲ ಮಾತ್ರೆಗಳು, ಇವಕ್ಕೂ ಆ ಗುಣ ಒಂದಿಷ್ಟು ಇದೆ. ಬಿ.ಪಿ.ಗೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆಗಳು ಬೇರೆ ದಾರಿಯಲ್ಲಿ ಅದೇ ಕೆಲಸ ಮಾಡುತ್ತವೆ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದು ನುಂಗುವ 'ನೆಗಡಿ ಗುಳಿಗೆ' ಹಿಂದೆ ಉಮ್ಮತ್ತಿಯ ನೆರಳಿದೆ ಅಂತ ಯಾರು ಅಂದುಕೊಂಡಾರು!

ಸೋಜಿಗ ಅಂದರೆ, ಇದಕ್ಕೆ ಉಲ್ಟಾ ಕೆಲಸ ಮಾಡುವ ಗಿಡವೂ ನಮ್ಮಲ್ಲೇ ಇದೆ. ಹೊಳಲ್ಕೆರೆ ಕಡೆ, ಭೀಮಸಮುದ್ರದ ಕಡೆ ಹೋದರೆ ಬಯಲುಸೀಮೆಯ ನಡುವೆ ತಂಪಾದ ಅಡಿಕೆ ತೋಟಗಳು. ಅಡಿಕೆಯಲ್ಲಿರುವ ಅರಿಕೋಲಿನ್ ಅದೇ ಗ್ರಂಥಿಯ ಬಾಗಿಲು ತೆರೆದು ಜೊಲ್ಲು ಸುರಿಸುತ್ತದೆ. ಎಲೆಅಡಿಕೆ ಹಾಕಿದ ಕೂಡಲೇ ಬಾಯಿ ತುಂಬುವುದು ಅದಕ್ಕೇ. ನಮ್ಮಜ್ಜ ರಾತ್ರಿ ಬಾಯಿ ಒಣಗಬಾರದು ಅಂತ ದವಡೆಯಲ್ಲಿ ಅಡಿಕೆ ಚೂರು ಇಟ್ಟುಕೊಂಡೇ ಮಲಗುತ್ತಿದ್ದರು. ಆದರೆ ಅದು ಸಾಲದ ನೀರು. ವರ್ಷಾನುಗಟ್ಟಲೆ ಜಗಿದವರ ಕೆನ್ನೆಯ ಒಳಪದರ ನಾರಿನಂತೆ ಬಿಗಿದುಕೊಂಡು ಬಾಯಿ ತೆರೆಯುವುದೇ ಕಷ್ಟವಾಗುತ್ತದೆ, ಉರಿ, ಒಣಗುವಿಕೆ ಕಾಡುತ್ತವೆ. ತಂಬಾಕು ಇಲ್ಲದೆಯೂ ಅಡಿಕೆ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿತು. ತೋಟದವರಿಗೆ ಬೇಜಾರಾಗುವ ಮಾತು, ನಮ್ಮ ನೆಂಟರೂ ತೋಟದವರೇ, ಆದರೂ ಹೇಳಬೇಕು. ಇದೇ ಬಗೆಯ ಗುಣವಿರುವ, ಬ್ರೆಜಿಲ್ಲಿನ ಒಂದು ಗಿಡದಿಂದ 1875ರಲ್ಲಿ ಬೇರ್ಪಡಿಸಿದ ಪೈಲೋಕಾರ್ಪಿನ್‌ಗೆ, ಕ್ಯಾನ್ಸರಿನ ವಿಕಿರಣ ಚಿಕಿತ್ಸೆಯಿಂದ ಜೊಲ್ಲು ಗ್ರಂಥಿ ಸುಟ್ಟವರ ಔಷಧಿಯಾಗಿ 1994ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ವೈದ್ಯರು ಕೊಟ್ಟರೆ ಮಾತ್ರ.

ಇಷ್ಟೂ 'ಬಾಯಾರಿಕೆ'ಯ ಕಾರಣಗಳು. ಅಜ್ಜನದು ಇವ್ಯಾವುದೂ ಅಲ್ಲ. ಅವರದು ನಿಜವಾದ ನೀರಡಿಕೆ. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದರೆ ಮೂತ್ರಪಿಂಡ ಅದನ್ನು ಹಿಡಿದಿಡಲಾರದೆ ಹೊರಗೆ ಬಿಡುತ್ತದೆ. ಸಕ್ಕರೆ ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ರಕ್ತ ಗಟ್ಟಿಯಾಗುತ್ತದೆ, ಮಿದುಳು ನೀರು ಕೇಳುತ್ತದೆ. ನೀರು ಜಾಸ್ತಿ ಕುಡಿಯುತ್ತೇನೆ, ಅದಕ್ಕೇ ಎದ್ದು ಹೋಗುತ್ತೇನೆ ಅಂತ ಅಜ್ಜ ಅಂದುಕೊಂಡಿದ್ದರು. ನಡೆಯುತ್ತಿದ್ದದ್ದು ಉಲ್ಟಾ. ನೀರು ಹೊರಗೆ ಹೋಗುತ್ತಿದ್ದದ್ದಕ್ಕೇ ಅವರು ಕುಡಿಯುತ್ತಿದ್ದರು.

ನನಗೆ ತುಂಬಾ ಚುಚ್ಚಿದ್ದು ಯಾವುದು ಗೊತ್ತಾ? ಇದನ್ನು ಹೇಳಲು ಯಾವ ದೊಡ್ಡ ಪ್ರಯೋಗಾಲಯವೂ ಬೇಕಿರಲಿಲ್ಲ. ಚರಕ ಸಂಹಿತೆಯ ನಿದಾನಸ್ಥಾನದಲ್ಲಿ ಪ್ರಮೇಹದ ಮುನ್ಸೂಚನೆಗಳ ಪಟ್ಟಿಯಿದೆ. ಬಾಯಿ, ಅಂಗುಳ, ಗಂಟಲು ಒಣಗುವುದು, ನೀರಡಿಕೆ, ಆಲಸ್ಯ, ಕೈಕಾಲು ಜೋಮು ಹಿಡಿಯುವುದು ಮತ್ತು ಉರಿ, ಮೂತ್ರಕ್ಕೆ ಇರುವೆ ಮುತ್ತುವುದು. ಬಾಯಿ ಒಣಗುವುದನ್ನೂ ನೀರಡಿಕೆಯನ್ನೂ ಬೇರೆ ಬೇರೆಯಾಗಿಯೇ ಹೇಳಿದ್ದಾರೆ ನೋಡಿ! ಸುಮಾರು ಎರಡು ಸಾವಿರ ವರ್ಷದ ಹಿಂದಿನ ಪಟ್ಟಿ. 1922ರ ಜನವರಿಯಲ್ಲಿ ಟೊರಾಂಟೋದಲ್ಲಿ ಮೊದಲ ರೋಗಿಗೆ ಇನ್ಸುಲಿನ್ ಕೊಟ್ಟಾಗಿದೆ. ಅಂದರೆ ಗುರುತು ಹಿಡಿಯುವುದೂ ಗೊತ್ತಿತ್ತು, ಔಷಧಿಯೂ ಇತ್ತು. ನಮ್ಮ ಮಾಳಿಗೆಯ ಮೇಲೆ ಮಾತ್ರ 2009ರಲ್ಲೂ ಅದು ಬರೀ ಬಿಸಿಲಿನ ಝಳವಾಗಿತ್ತು. ಔಷಧಿ ಶುರುವಾದ ಕೆಲವೇ ವಾರಗಳಲ್ಲಿ ಬಿಂದಿಗೆ ಹೋಗಿ ಚೊಂಬು ಬಂತು, ಚೊಂಬಿನಲ್ಲೂ ಅರ್ಧ ಉಳಿಯತೊಡಗಿತು. ಅಜ್ಜ "ಆಸ್ಪತ್ರೆ ಗಾಳಿ ತಂಪು ಐತೆ ಕಣ್ಲಾ, ಅದ್ಕೇ" ಅಂದಿದ್ದರು. ಕೊನೆವರೆಗೂ ಗಾಳಿಯನ್ನು ಬಿಡಲಿಲ್ಲ ಪುಣ್ಯಾತ್ಮ.

ಈಗ ಅಪ್ಪನ ವಿಷಯ. ಮರುದಿನ ಬೆಳಗ್ಗೆ ಕಾಫಿಯನ್ನೂ ಕುಡಿಯಲು ಬಿಡದೆ ಹೊಸದುರ್ಗಕ್ಕೆ ಕರೆದುಕೊಂಡು ಹೋಗಿ ರಕ್ತ ಕೊಡಿಸಿದೆ. ದಾರಿಯುದ್ದಕ್ಕೂ ಬೈದರು. ಖಾಲಿ ಹೊಟ್ಟೆಯ ಸಕ್ಕರೆ 98. (126 ಅಥವಾ ಅದಕ್ಕಿಂತ ಹೆಚ್ಚಿದ್ದು ಮತ್ತೊಮ್ಮೆ ಮಾಡಿದಾಗಲೂ ಹಾಗೇ ಬಂದರೆ ಮಧುಮೇಹ.) ಮೂರು ತಿಂಗಳ ಸರಾಸರಿಯೂ ಸರಿಯಾಗಿತ್ತು. ಡಾಕ್ಟರು ಎರಡು ಪ್ರಶ್ನೆ ಕೇಳಿದರು. ಗೊರಕೆ ಹೊಡೀತೀರಾ? ಯಾವ ಮಾತ್ರೆ ತಗೋತೀರಾ? ಗೊರಕೆಗೆ ಅಮ್ಮ ಸಾಕ್ಷಿ ಹೇಳಿದರು :) ಮಾತ್ರೆಯ ಚೀಟಿ ಅಪ್ಪನ ಜೇಬಿನಲ್ಲೇ ಇತ್ತು. ಈರುಳ್ಳಿ ಧೂಳಿಗೆ ಮೂಗು ಕಟ್ಟುತ್ತದೆ ಅಂತ ಆರು ತಿಂಗಳಿಂದ ದಿನಾ ರಾತ್ರಿ ಒಂದು ನೆಗಡಿ ಗುಳಿಗೆ!

ಆ ಗುಳಿಗೆ ನಿಲ್ಲಿಸಿ ಬೇರೆ ಕೊಟ್ಟಿದ್ದಾರೆ. ಮಲಗುವ ಮುನ್ನ ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಮೂಗು ತೊಳೆಯುವುದು, ಅಂಗಾತ ಬಿಟ್ಟು ಮಗ್ಗುಲಾಗಿ ಮಲಗುವುದು, ರಾತ್ರಿ ಕಾಫಿ, ಬೀಡಿ ಬೇಡ ಎಂದಿದ್ದಾರೆ. ಕುಡಿಯುವವರಿಗೆ ಮದ್ಯವೂ ಬೇಡವೇ. ಹಲ್ಲಿನ ಬಗ್ಗೆಯೂ ಹೇಳಿದರು. ಜೊಲ್ಲು ಬಾಯಿಯ ಹುಳಿಯನ್ನು ತೊಳೆದು ಹಲ್ಲು ಕಾಯುತ್ತದೆ, ಅದಿಲ್ಲದ ರಾತ್ರಿ ಹಲ್ಲು ಬೇಗ ಹುಳುಕಾಗುತ್ತದೆ. ಹಾಗಾಗಿ ಮಲಗುವ ಮುನ್ನ ಹಲ್ಲುಜ್ಜಬೇಕು, ಬಾಯಿ ಒಣಗಿತು ಅಂತ ಕಲ್ಲುಸಕ್ಕರೆ, ಪೆಪ್ಪರಮಿಂಟು ಇಟ್ಟುಕೊಂಡು ಮಲಗಬಾರದು. ಬಾಯಿಯ ಜತೆ ಕಣ್ಣೂ ಒಣಗುತ್ತಿದ್ದರೆ, ಹಗಲಲ್ಲೂ ರೊಟ್ಟಿ ನುಂಗಲು ನೀರು ಬೇಕಾಗುತ್ತಿದ್ದರೆ ಜೊಲ್ಲು ಗ್ರಂಥಿಯದೇ ತೊಂದರೆ ಇರಬಹುದು, ತೋರಿಸಬೇಕು. ಬಿ.ಪಿ. ಮಾತ್ರೆಯನ್ನು ಮಾತ್ರ ಯಾರೂ ತಾವಾಗಿಯೇ ನಿಲ್ಲಿಸಬಾರದು, ಡಾಕ್ಟರಿಗೆ ಹೇಳಿ ಬದಲಾಯಿಸಿಕೊಳ್ಳಬೇಕು. ಅಪ್ಪನ ಗೊರಕೆಗೆ ಒಂದು ನಿದ್ದೆ ಪರೀಕ್ಷೆ ಬರೆದುಕೊಟ್ಟಿದ್ದಾರೆ, ಅದಕ್ಕೆ ಒಪ್ಪಿಸುವ ಕೆಲಸ ಇನ್ನೂ ನಡೆದಿದೆ.

ಮೊನ್ನೆ ಫೋನಿನಲ್ಲಿ ಅಮ್ಮ ಹೇಳಿದರು, ಚೊಂಬು ಈಗಲೂ ತಲೆದಿಂಬಿನ ಪಕ್ಕದಲ್ಲೇ ಇದೆಯಂತೆ. ಬೆಳಗ್ಗೆ ನೋಡಿದರೆ ಮುಕ್ಕಾಲು ಪಾಲು ಹಾಗೇ ಇರುತ್ತದಂತೆ, ಗಿಡಕ್ಕೆ ಹಾಕುತ್ತಾರಂತೆ.

ನಿಮ್ಮ ಮನೆಯಲ್ಲೂ ಯಾರದೋ ತಲೆದಿಂಬಿನ ಪಕ್ಕ ಇಂಥದ್ದೊಂದು ಚೊಂಬೋ ಬಾಟಲಿಯೋ ಇದ್ದೇ ಇರುತ್ತದೆ. ಮುಂದಿನ ಸಲ ಊರಿಗೆ ಹೋದಾಗ ರಾತ್ರಿ ಎಷ್ಟು ತುಂಬಿಟ್ಟರು, ಬೆಳಗ್ಗೆ ಎಷ್ಟು ಉಳಿದಿದೆ, ಎಷ್ಟು ಸಲ ಎದ್ದರು ಅಂತ ಒಮ್ಮೆ ನೋಡಿ. "ನಮ್ ಸೀಮೆ ಗಾಳಿಗೆ ಎಲ್ಲಾರ್ಗೂ ಹಿಂಗೇಯ" ಅಂದರೆ ನಂಬಬೇಡಿ. ನೋಡಿದ್ದನ್ನು ಇಲ್ಲೂ ಬರೆಯಿರಿ, ಓದುತ್ತೇನೆ.